ಅಕ್ಕನ ಕಿವಿ ಮತ್ತು ಸದ್ದಿಲ್ಲದ ಗಾಡಿ

ನಮ್ಮ ಮನೆಗೆ ಬಂದ ಬ್ಯಾಟರಿ ಸ್ಕೂಟರನ್ನು ಅಂಗಡಿಯವನು ಮಾರಿದ್ದೇ ಅದು ಗಾಡಿಯಲ್ಲ ಎಂದು ಹೇಳಿ. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ, ಅವನ ಬಾಯಿಂದ ಬಂದದ್ದೇ ಹಾಗೆ. ಹೊಸಪೇಟೆಯ ಆ ಅಂಗಡಿಯಲ್ಲಿ ನಾನು, ನನ್ನ ಗಂಡ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆವು. ಅವನು ಸ್ಕೂಟರಿನ ಸೀಟು ತಟ್ಟುತ್ತ, "ಕಾನೂನಿನ ಲೆಕ್ಕದಾಗ ಇದು ಗಾಡೀನ ಅಲ್ರಿ. ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಹೆಲ್ಮೆಟ್ ಬ್ಯಾಡ. ಸೈಕಲ್ ಇದ್ದಂಗ ತಿಳ್ಕೊಳ್ರಿ" ಎಂದ. ಸೈಕಲ್ಲಿನ ಹಾಗೆ ನಿಧಾನವಾಗಿಯೇ ಓಡಲಿ ಎಂದು ಅದಕ್ಕೊಂದು ಲಾಕ್ ಹಾಕಿರುತ್ತಾರಂತೆ. ಆ ಲಾಕ್ ಇರುವುದಕ್ಕೇ ಕಾನೂನು ಅದರ ತಂಟೆಗೆ ಹೋಗುವುದಿಲ್ಲವಂತೆ. ಇಷ್ಟನ್ನೂ ಹೇಳಿ ಮುಗಿಸಿ ಅದೇ ಉಸಿರಿನಲ್ಲಿ, "ಲಾಕ್ ತೆಗೆದು ಕೊಡ್ಲೇನ್ರಿ? ಎಲ್ಲಾರೂ ತೆಗಿಸ್ತಾರ. ಒಂದು ವೈರ್ ಅಷ್ಟೇ" ಎಂದು ಕೇಳಿದ. ಪಾನ್ ಅಂಗಡಿಯವನು ಸುಣ್ಣ ಸ್ವಲ್ಪ ಹೆಚ್ಚಿಗೆ ಹಚ್ಚಲೇ ಎಂದು ಕೇಳುವ ಹಾಗಿತ್ತು ಅದು.

"ತೆಗೀರಿ" ಎಂದರು ನನ್ನ ಗಂಡ.

"ಹಂಗಾದ್ರ ಲಾಕ್ ಯಾಕ ಹಾಕಿರ್ತಾರ?" ಎಂದು ನಾನು ಕೇಳಿದೆ. ಇಬ್ಬರೂ ನಕ್ಕರು. ಬ್ಲೌಸು ಹೊಲಿಯುವವಳಿಗೆ ಇದೆಲ್ಲ ಯಾಕೆ ಎನ್ನುವ ನಗೆ ಅದು. ಆ ನಗೆಯನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ.

ಹೌದು, ನಾನು ಬ್ಲೌಸು ಹೊಲಿಯುವವಳೇ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಶೀನು ಬಾಗಿಲಿಗೆ ಎದುರಾಗಿ ಇರುವುದರಿಂದ ಓಣಿಯಲ್ಲಿ ಹೋಗಿಬರುವವರೆಲ್ಲ ನನ್ನ ಕಣ್ಣಿಗೆ ಬೀಳುತ್ತಾರೆ. ಕಣ್ಣಿಗೆ ಬಿದ್ದವರು ಬಾಯಿಗೂ ಬೀಳುತ್ತಾರೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಅವರು ಸಂಡೂರು ತಾಲ್ಲೂಕಿನ ಚೋರನೂರಿನವರು. ನಾನು ಮದುವೆಯಾಗಿ ಬಂದಾಗಲೇ ಅದಿರಿನ ಲಾರಿ ಓಡಿಸುತ್ತಿದ್ದರು, ಬೆನ್ನು ನೋವು ತಡೆಯಲಾರದೆ ಬಿಡುವವರೆಗೂ ಓಡಿಸಿದರು. ಈಗ ಊರ ಹೊರಗಿನ ಒಂದು ಲಾರಿ ಆಫೀಸಿನಲ್ಲಿ ಕೂರುತ್ತಾರೆ. ಅಲ್ಲಿಗೆ ಹೋಗಿಬರಲು ಈ ಸ್ಕೂಟರ್ ಬಂತು.

ಲಾರಿ ಓಡಿಸುವಾಗ ಅವರ ಅಭಿಮಾನವೆಲ್ಲ ಇದ್ದದ್ದು ಹಾರ್ನಿನಲ್ಲಿ. ಸಂಡೂರಿನ ಗುಡ್ಡದ ತಿರುವುಗಳಲ್ಲಿ ಕೆಂಪು ದೂಳು ಎದ್ದು ಎದುರಿಗಿನವರು ಕಾಣದೆ ಹೋದಾಗ ಹಾರ್ನ್ ಒಂದೇ ಕಾಯುವುದು ಎನ್ನುತ್ತಿದ್ದರು. ಮನೆಗೆ ಬರುವಾಗ ರಸ್ತೆಯ ಕಡೆಯಿಂದ ಅವರು ಹಾರ್ನ್ ಹೊಡೆದರೆ ನಾನು ಒಲೆಯ ಮೇಲೆ ರೊಟ್ಟಿಯ ಹೆಂಚು ಇಡುತ್ತಿದ್ದೆ. ಆ ಲಾರಿಯಿಂದ ಒಂದು ಕೋಳಿಗೂ ಪೆಟ್ಟಾಗಲಿಲ್ಲ. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಅಂಥವರು ಸ್ಕೂಟರನ್ನು ಓಣಿಗೆ ತಂದು, ಅರಿಸಿನ ಕುಂಕುಮ ಹಚ್ಚಿಸಿ, ಹಾರ್ನ್ ಒತ್ತಿದರು. ಪೀಂ ಎಂದಿತು. ಅದೂ ಮೂಗಿನಲ್ಲಿ. ಓಣಿಯ ಹುಡುಗರು ಬಿದ್ದು ಬಿದ್ದು ನಕ್ಕರು. ಎದುರು ಮನೆಯವರಂತೂ, "ಏನ್ರೀ, ನಿಮ್ಮ ಲಾರಿ ಮರಿ ಹಾಕೇತಿ!" ಎಂದುಬಿಟ್ಟರು. ನನ್ನ ಗಂಡನೂ ನಕ್ಕರು, ಆದರೆ ಕಿವಿ ಕೆಂಪಾಗಿದ್ದವು. ಅವತ್ತಿನಿಂದ ಅವರ ಬೆರಳು ಆ ಗುಂಡಿಯ ಹತ್ತಿರ ಹೋದದ್ದನ್ನು ನಾನು ಕಾಣೆ. ಅದಿರಿನ ಲಾರಿಗೆ ಗುಡ್ಡ ನಡುಗುವಂಥ ಹಾರ್ನ್ ಹೊಡೆದ ಗಂಡಸು ಬೀದಿಯಲ್ಲಿ ಪೀಂ ಅನ್ನಿಸುವುದೇ?

ಮೊದಮೊದಲು ನನಗೂ ಆ ಸ್ಕೂಟರ್ ಚೆನ್ನಾಗಿಯೇ ಕಂಡಿತು. ಹೊಗೆಯಿಲ್ಲ, ವಾಸನೆಯಿಲ್ಲ, ಪೆಟ್ರೋಲ್ ಬಂಕಿನ ಕ್ಯೂ ಇಲ್ಲ. ನಾನು ಬ್ಯಾಟರಿಯ ವೈರಿಯಲ್ಲ. ನನ್ನ ಸಿಟ್ಟು ಬೇರೆ. ಓಣಿಯಲ್ಲಿ ಸಂಜೆಯಾದರೆ ಹೆಂಗಸರು ಬಾಗಿಲ ಮುಂದೆ ಕೂತು, ಕಾಲು ರಸ್ತೆಗೆ ಚಾಚಿ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾರೆ. ಬೈಕಿನ ಸದ್ದು ಬಂದರೆ ತಲೆಯೆತ್ತದೆಯೇ ಕಾಲು ಮಡಚುತ್ತಾರೆ, ಹೋದ ಮೇಲೆ ಮತ್ತೆ ಚಾಚುತ್ತಾರೆ. ಇವರು ಸದ್ದಿಲ್ಲದೆ ಬಂದರೆ ಯಾರು ಕಾಲು ಮಡಚಬೇಕು? ಪಕ್ಕದ ಮನೆಯ ಅಜ್ಜಿಯ ಕಾಲ್ಬೆರಳಿಗೆ ಚಕ್ರ ತಾಗಿಯೂ ತಾಗದ ಹಾಗೆ ಹೋದಾಗ ಅವಳು ಮೊರವನ್ನೇ ಚೆಲ್ಲಿಬಿಟ್ಟಳು. "ದೆವ್ವ ಬಂದಂಗ ಬರ್ತಾನಲ್ಲೇ ನಿನ್ನ ಗಂಡ!" ಎಂದು ನನ್ನನ್ನು ಬೈದಳು.

ಹಂಪಿಯಲ್ಲೂ ಇದನ್ನೇ ಕಂಡೆ. ಮನೆಗೆ ಬಂದ ನೆಂಟರನ್ನು ಕರೆದುಕೊಂಡು ವಿರೂಪಾಕ್ಷನ ದರ್ಶನ ಮುಗಿಸಿ ಹಂಪಿ ಬಜಾರಿನ ಕಲ್ಲು ಮಂಟಪಗಳ ಮುಂದೆ ನಿಂತಿದ್ದೆವು. ಒಬ್ಬ ಹೆಂಗಸು ಕತ್ತೆತ್ತಿ ಗೋಪುರದ ಫೋಟೋ ತೆಗೆಯುತ್ತಿದ್ದಳು. ಬಾಡಿಗೆಯ ಸ್ಕೂಟರ್ ಏರಿದ ಇಬ್ಬರು ಹಿಂದಿನಿಂದ ಸದ್ದಿಲ್ಲದೆ ಬಂದು ಅವಳ ಹೆಗಲ ಚೀಲಕ್ಕೆ ತಾಗಿಸಿ, "ಸಾರಿ" ಎಂಬ ಮಾತೊಂದನ್ನು ಎಸೆದು ಹೋದರು. ಅವಳು ತೂರಾಡಿ ಕಲ್ಲಿನ ಕಂಬ ಹಿಡಿದುಕೊಂಡಳು. ನನ್ನ ಗಂಡ ಹೇಳಿದ್ದೇನು ಗೊತ್ತೇ? "ಆಕಿ ನೋಡ್ಕೊಂಡು ನಿಂದ್ರಬೇಕಿತ್ತು." ನನ್ನ ಮೈಯೆಲ್ಲ ಉರಿಯಿತು. ಗುದ್ದಿದವನು ಹೋಗುತ್ತಾನೆ, ನೋಡಿಕೊಳ್ಳಬೇಕಾದವರು ನಿಂತವರು! ಯಾವ ನ್ಯಾಯ ಇದು ಎಂದು ಅಲ್ಲೇ ಜಗಳ ತೆಗೆದೆ. ನೆಂಟರ ಮುಂದೆ ಮರ್ಯಾದೆ ಕಳೆದೆ ಎಂದು ಅವರು ಹೊಸಪೇಟೆಗೆ ಬರುವವರೆಗೂ ಗೊಣಗುತ್ತಲೇ ಇದ್ದರು.

ಇಷ್ಟು ಹೊತ್ತಿಗಾಗಲೇ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನ್ನ ಎದೆಯಲ್ಲಿ ಒಂದು ಅಳುಕಿತ್ತು. ನನ್ನ ಅಕ್ಕನ ಹತ್ತಿರ ಹೋಗಿ ಮುಟ್ಟುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಅಕ್ಕನನ್ನು ಕೊಟ್ಟಿರುವುದು ಕಂಪ್ಲಿಯ ಹತ್ತಿರದ ಒಂದು ಹಳ್ಳಿಗೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಮಗ, ಸೊಸೆ, ಕಾಲುವೆ ನೀರಿನ ಗದ್ದೆ, ಎರಡು ಬೆಳೆ. ಭತ್ತ ಕೊಯ್ದ ಮೇಲೆ ಅದನ್ನು ಒಣಗಿಸುವುದು ಆ ಕಡೆ ಎಲ್ಲರೂ ಮಾಡುವ ಹಾಗೆ ಟಾರ್ ರಸ್ತೆಯ ಮೇಲೆ. ರಸ್ತೆಯ ಒಂದು ಮಗ್ಗುಲಿಗೆ ಭತ್ತ ಹರವಿ, ಗಾಡಿಗಳು ಹತ್ತದಂತೆ ಅಂಚಿಗೆ ಕಲ್ಲುಗಳ ಸಾಲು ಇಡುತ್ತಾರೆ. ರಸ್ತೆ ಕಣವಲ್ಲ ಎಂದು ನನಗೂ ಗೊತ್ತಿದೆ. ಪೇಪರ್ ಓದುವವರು ನನಗೆ ಹೇಳಿಕೊಡಬೇಕಾಗಿಲ್ಲ. ಊರ ಕಣಗಳೆಲ್ಲ ಸೈಟುಗಳಾಗಿ ಮನೆ ಎದ್ದಿವೆ, ಮಿಲ್ಲಿನ ಅಂಗಳ ಸಿಕ್ಕುವುದು ಮಿಲ್ಲಿನವರ ಭತ್ತ ಒಣಗಿ ಖಾಲಿಯಾದ ಮೇಲೆ. ಹಸಿ ಭತ್ತ ಅಲ್ಲಿಯವರೆಗೆ ಕಾಯುತ್ತದೆಯೇ?

ಹರವಿದ ಭತ್ತವನ್ನು ಬಿಸಿಲಿಗೆ ತಿರುವಿ ಹಾಕುವುದು ಕಾಲಿನಿಂದ. ಪಾದ ಎತ್ತದೆ ಎಳೆದುಕೊಂಡು ನಡೆಯುತ್ತ ಹೋದರೆ ಭತ್ತದಲ್ಲಿ ಸಾಲು ಬೀಳುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಆ ತುದಿಗೆ ಹೋಗಬೇಕು, ಕಲ್ಲಿನ ಸಾಲು ದಾಟಿ ಟಾರಿನ ಮೇಲೆ ಒಂದು ಹೆಜ್ಜೆ ಇಟ್ಟು ತಿರುಗಬೇಕು, ಈ ತುದಿಗೆ ಬರಬೇಕು. ಹೋಗುವಾಗ ಗಾಡಿಗಳು ಎದುರಿಗಿದ್ದರೆ ಬರುವಾಗ ಬೆನ್ನಿಗೆ. ಅಕ್ಕ ಎಂದೂ ತಿರುಗಿ ನೋಡಿದವಳಲ್ಲ. ನೋಡುವ ಅಗತ್ಯವೇ ಇರಲಿಲ್ಲ, ಅವಳ ಕಿವಿಯೇ ನೋಡುತ್ತಿತ್ತು. ಬಸ್ಸೋ ಟ್ರ್ಯಾಕ್ಟರೋ, ಎಷ್ಟು ದೂರವಿದೆ, ಎಷ್ಟು ಅವಸರದಲ್ಲಿದೆ ಎಂಬುದೆಲ್ಲ ಅವಳಿಗೆ ಬೆನ್ನಿನಿಂದಲೇ ತಿಳಿಯುತ್ತಿತ್ತು. ಗಾಡಿ ಹತ್ತಿರವಿದ್ದರೆ ಸಾಲಿನ ತುದಿಯಲ್ಲಿ ನಿಂತು, ಅದು ಹೋದ ಮೇಲೆ ಟಾರಿಗೆ ಕಾಲಿಡುತ್ತಿದ್ದಳು. ಅವಳ ಜೊತೆ ಕಾಲಾಡಿಸುವ ಹೆಂಗಸರೆಲ್ಲ ಹೀಗೆಯೇ. ಬಾಯಿ ಊರ ಸುದ್ದಿಯಲ್ಲಿ, ಕಾಲು ಭತ್ತದಲ್ಲಿ, ಕಿವಿ ರಸ್ತೆಯಲ್ಲಿ.

ಆ ಸಲ ಮುಂಗಾರಿನ ಬೆಳೆ ಒಣಹಾಕಿದಾಗ ನಾನು ಬಸ್ಸಿನಲ್ಲಿ ಹೋಗಿ ಅಕ್ಕನಿಗೆ ಕೈಜೋಡಿಸಿದ್ದೆ. ಸಂಜೆ ನನ್ನನ್ನು ಕರೆದೊಯ್ಯಲು ನನ್ನ ಗಂಡ ಸ್ಕೂಟರಿನಲ್ಲಿ ಬರುವುದಾಗಿ ಹೇಳಿದ್ದರು. ಬಿಸಿಲು ಇಳಿಯುತ್ತಿತ್ತು. ನಾನು ಬೇವಿನ ಮರದ ಕೆಳಗೆ ಕೂತು ಥರ್ಮಾಸಿನಿಂದ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದೆ. ಅಕ್ಕ ಕೊನೆಯ ಸಾಲು ಎಳೆಯುತ್ತಿದ್ದಳು. ರಸ್ತೆ ಖಾಲಿಯಿತ್ತು. ಖಾಲಿ ಎಂದು ನನ್ನ ಕಿವಿಯೂ ಹೇಳಿತು, ಅವಳ ಕಿವಿಯೂ ಹೇಳಿತು. ಅವಳು ಸಾಲಿನ ತುದಿಗೆ ಬಂದು, ಕಲ್ಲು ದಾಟಿ, ಟಾರಿಗೆ ಕಾಲಿಟ್ಟಳು.

ನನಗೆ ಕೇಳಿಸಿದ ಮೊದಲ ಸದ್ದು ಅಕ್ಕ ಬಿದ್ದದ್ದು. ಅದರ ಹಿಂದೆಯೇ ಸ್ಕೂಟರ್ ಕಲ್ಲುಗಳ ಮೇಲೆ ಉಜ್ಜಿಕೊಂಡು ಹೋದದ್ದು. ಲೋಟ ಬಿಟ್ಟು ಓಡಿದೆ. ಅಕ್ಕನ ಒಂದು ಕಾಲು ಕಾಲಿರಬೇಕಾದ ಹಾಗೆ ಇರಲಿಲ್ಲ. ನನ್ನ ಗಂಡ ಮೊಣಕೈ ತರಚಿಕೊಂಡು ಎದ್ದು ಬರುತ್ತಿದ್ದರು. "ಸರೀತಾರ ಅನ್ಕೊಂಡೆ, ಸರೀತಾರ ಅನ್ಕೊಂಡೆ" ಎಂದು ಅದನ್ನೇ ಹೇಳುತ್ತಿದ್ದರು. ಲಾರಿಯ ಮುಂದೆ ಜನ ತಾವಾಗಿಯೇ ಸರಿಯುವುದನ್ನು ಅಷ್ಟು ವರ್ಷ ಕಂಡವರಿಗೆ, ಈಗ ತಾವು ಲಾರಿಯಲ್ಲಿಲ್ಲ ಎಂಬುದು ಮರೆತೇ ಹೋಗಿತ್ತು. ಮೇಲಾಗಿ ಲಾಕ್ ತೆಗೆಸಿದ ಗಾಡಿ. ಸೈಕಲ್ಲಿನ ಲೆಕ್ಕದ್ದು ಬೈಕಿನ ವೇಗದಲ್ಲಿ ಬಂದಿತ್ತು.

ತೊಡೆಯ ಮೂಳೆ ಮುರಿದಿತ್ತು. ಗಾಡಿಯೇ ಅಲ್ಲದ್ದು ನನ್ನ ಅಕ್ಕನ ತೊಡೆಯ ಮೂಳೆ ಮುರಿಯಿತು ನೋಡಿ! ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಡಾಕ್ಟರು ಏನಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಭತ್ತದ ಮ್ಯಾಲೆ ಕಾಲು ಜಾರಿ ಬಿದ್ರು ಸರ್" ಎಂದರು. ಅಕ್ಕನ ಮಗನೂ ತಲೆಯಾಡಿಸಿದ. ಪೊಲೀಸು, ಕೇಸು ಎಂದು ಯಾರು ಓಡಾಡುವವರು, ಮನೆಯವರ ಮೇಲೆ ಮನೆಯವರೇ ಹೇಳುವುದೇ ಎಂದು ಇಬ್ಬರೂ ವರಾಂಡದಲ್ಲಿ ನನ್ನ ಬಾಯಿ ಮುಚ್ಚಿಸಿದರು. ನೋವಿನಲ್ಲಿ ಒದ್ದಾಡುತ್ತಿದ್ದ ಅಕ್ಕ ಅದನ್ನೆಲ್ಲ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನಡೆದದ್ದು ಗೊತ್ತಿದ್ದ ನೆಂಟರು, ಊರವರು ಅಕ್ಕನನ್ನು ನೋಡಲು ಬಂದು ನನ್ನ ಗಂಡನನ್ನು, "ಹಾರ್ನ್ ಹೊಡಿಲಿಲ್ಲೇನ್ರಿ?" ಎಂದು ಕೇಳತೊಡಗಿದರು. ಇವರು, "ಹೊಡದೆ. ಎಲ್ಲಿ ಕೇಳ್ತೈತ್ರಿ ಅವ್ರಿಗೆ" ಎಂದುಬಿಟ್ಟರು. ಆ ಒಂದು ಮಾತಿನಿಂದ ಎಲ್ಲರ ಸಮಸ್ಯೆಯೂ ಬಗೆಹರಿಯಿತು. ತಪ್ಪು ಗಾಡಿಯದ್ದಲ್ಲ, ಓಡಿಸಿದವರದ್ದಲ್ಲ, ಲಾಕ್ ತೆಗೆದವನದ್ದಲ್ಲ. ಅಕ್ಕನ ಕಿವಿಯದ್ದು!

"ನಾನು ಅಲ್ಲೇ ಇದ್ದೆ. ನನಗೂ ಕೇಳಲಿಲ್ಲ" ಎಂದು ನಾನು ಮನೆಯಲ್ಲಿ ಕೂಗಾಡಿದೆ.

"ನೀ ಚಾ ಬಗ್ಗಿಸಾಕ ಹತ್ತಿದ್ದೆಲ್ಲ, ನಿನ್ನ ಧ್ಯಾನ ಎಲ್ಲಿತ್ತು? ಒಂದ್ಸಲ ಹೊಡದೀನಿ" ಎಂದರು ಅವರು. ಕಣ್ಣಿಗೆ ಕಣ್ಣು ಕೊಟ್ಟು ಹೇಳಲಿಲ್ಲ. ಮಾರನೆಯ ದಿನ ಕೇಳಿದಾಗ ಅದು ಎರಡು ಸಲವಾಯಿತು. ಅದೇ ಮಾತನ್ನು ಹೇಳಿ ಹೇಳಿ ಕೊನೆಗೆ ಅವರಿಗೇ ನಂಬಿಕೆ ಬಂದಂತಿತ್ತು.

ಅಕ್ಕ ಊರಿಗೆ ಹೋದಳು. ಹಾಸಿಗೆಯಿಂದ ವಾಕರಿಗೆ, ವಾಕರಿನಿಂದ ಕೋಲಿಗೆ ಬಂದಳು. ಆದರೆ ಮನೆಯವರ ಲೆಕ್ಕದಲ್ಲಿ ಅವಳು ಕಿವುಡಿಯಾಗಿದ್ದಳು. ಸೊಸೆ ಒಳ್ಳೆಯವಳೇ, ಮುತುವರ್ಜಿಯಿಂದಲೇ ಕಿವಿಯ ಹತ್ತಿರ ಬಂದು, "ಅತ್ತೀ, ಉಣ್ತೀರೇನ್ರೀ?" ಎಂದು ಒದರುವಳು. ಮೊಮ್ಮಕ್ಕಳು ಒದರಿದರು, ಹಾಲು ಹಾಕುವವನು ಒದರಿದ. "ಯಾಕ್ರೋ ನನ್ನ ಮುಂದ ಹಿಂಗ ಒದರ್ತೀರಿ, ನನಗ ಕೇಳ್ತೈತಿ" ಎಂದು ಅವಳು ರೇಗಿದರೆ, ಪಾಪ, ತಮಗೆ ಕೇಳುವುದಿಲ್ಲ ಎಂಬುದು ಅವರಿಗೇ ಗೊತ್ತಾಗುತ್ತಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗ ಕಿವಿಯ ಡಾಕ್ಟರಿಗೂ ತೋರಿಸಿಕೊಂಡು ಬಂದ. ಡಾಕ್ಟರು, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದರಂತೆ. ಮಗನ ಕಿವಿಗೆ ಬಿದ್ದದ್ದು ವಯಸ್ಸು ಎಂಬ ಮಾತೊಂದೇ.

ಬೇಸಿಗೆ ಬೆಳೆ ಬರುವ ಹೊತ್ತಿಗೆ ಮಗ ತೀರ್ಮಾನ ಮಾಡಿಬಿಟ್ಟಿದ್ದ. ಇನ್ನು ಯವ್ವ ಭತ್ತದ ಕೆಲಸಕ್ಕೆ ಬರುವುದು ಬೇಡ, ಬಾಗಿಲು ಕಾಯ್ದುಕೊಂಡು ಕೂರಲಿ. ಇದರ ಅರ್ಥ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಭಾವ ಹೋದ ಮೇಲೆ ಆ ಮನೆಯ ಭತ್ತ ನಡೆಸಿದವಳು ಅಕ್ಕ. ಒಂದು ಕಾಳು ಹಲ್ಲಿನಲ್ಲಿ ಕಡಿದು ಒಣಗಿದೆ ಎಂದು ಅವಳು ಹೇಳಿದ ಮೇಲೆಯೇ ಚೀಲ ಹೊಲಿಯುತ್ತಿದ್ದದ್ದು. ಈಗ ಅವಳನ್ನು ಕೇಳುವವರೇ ಇಲ್ಲ, ಕೇಳಿದರೂ ಒದರಿ ಕೇಳಬೇಕಲ್ಲ ಎಂದು ಬಿಟ್ಟರು. ಒಂದು ಮಧ್ಯಾಹ್ನ ಫೋನ್ ಮಾಡಿದವಳು ಬಹಳ ಹೊತ್ತು ಅದೂ ಇದೂ ಮಾತಾಡಿ ಕಡೆಗೆ, "ಖರೇ ಹೇಳ್ ತಂಗಿ, ನನಗ ಕೇಳಂಗಿಲ್ಲೇನು? ನೀನರ ಖರೇ ಹೇಳು" ಎಂದಳು. ಫೋನಿನಲ್ಲಿ ನನ್ನ ಪ್ರತಿಯೊಂದು ಮಾತೂ ಅವಳಿಗೆ ಕೇಳುತ್ತಿದೆ, ನನ್ನ ಹಿಂದೆ ಓಣಿಯಲ್ಲಿ ಸೊಪ್ಪು ಮಾರುವವಳು ಕೂಗಿದ್ದೂ ಕೇಳಿ ಏನು ಸೊಪ್ಪು ಎಂದು ಆಗಲೇ ವಿಚಾರಿಸಿದ್ದಾಳೆ. ಅಂಥವಳು ನನ್ನನ್ನು ಹೀಗೆ ಕೇಳಿದಳು. ಫೋನಿಟ್ಟು ನಾನು ಅತ್ತೆ. ಅತ್ತು ಮುಗಿದ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ!

ಅದೇ ಸಿಟ್ಟಿನಲ್ಲಿ ಸ್ಕೂಟರಿನ ಅಂಗಡಿಗೆ ಹೋದೆ. ತೆಗೆದ ಲಾಕನ್ನು ಮತ್ತೆ ಹಾಕಿಕೊಡು ಎಂದೆ. ಅವನಿಗೆ ನನ್ನ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಲಾಕ್ ತೆಗೆಸಲು ಬರುವವರನ್ನಷ್ಟೇ ಕಂಡವನು. "ಆ ವೈರ್ ಯಾವಾಗೋ ಕತ್ತರಿಸಿ ಒಗದೀವಲ್ರಿ" ಎಂದ. ನನ್ನ ಅಕ್ಕನ ಕಾಲು ಮುರಿದದ್ದನ್ನು ಹೇಳಿದೆ. "ಜೀವಕ್ಕೇನೂ ಆಗಿಲ್ಲಲ್ರಿ, ಬಿಡ್ರಿ" ಎಂದ. ಜೀವಕ್ಕೆ ಆದ ಮೇಲೆ ಬರಬೇಕಿತ್ತೇನೋ ನಿನ್ನ ಹತ್ತಿರ ಎಂದು ಅವನ ಗಿರಾಕಿಗಳ ಮುಂದೆಯೇ ಜಾಡಿಸಿದೆ. ಆ ಗಿರಾಕಿಗಳಲ್ಲಿ ಒಬ್ಬಳು ನನ್ನ ಹತ್ತಿರವೇ ಬ್ಲೌಸು ಹೊಲಿಸುವವಳು. ಮಗಳಿಗೆ ಇನ್ನೂ ಲೈಸೆನ್ಸಿನ ವಯಸ್ಸಾಗಿಲ್ಲ, ಅದಕ್ಕೇ ಇದನ್ನು ಕೊಡಿಸುತ್ತಿದ್ದೇನೆ ಎಂದು ಹಲ್ಲು ಕಿರಿದಳು. ಲಾಕ್ ತೆಗೆಸಬೇಡ ಎಂದು ಅವಳಿಗೆ ಹೇಳಿದೆ. "ನಿಧಾನ ಹೋದ್ರ ಹಿಂದಿನವ್ರು ಗುದ್ದತಾರಕ್ಕ" ಎಂದಳು. ಅವಳ ಮಾತಿನಲ್ಲೂ ಸುಳ್ಳಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೈಕಲ್ಲಿನ ವೇಗದ ಸ್ಕೂಟರ್ ಹೋಗುವುದೂ ಭಯವೇ. ಹಾಗಾದರೆ ಅದನ್ನು ಎಲ್ಲಿ ಓಡಿಸಲಿ ಎಂದು ಮಾರುತ್ತಾರೆ? ಮನೆಗೆ ಬಂದು ಆ ಸಿಟ್ಟಿನಲ್ಲಿ ಅವಳ ಬ್ಲೌಸಿನ ತೋಳುಗಳನ್ನು ಉಲ್ಟಾ ಕೂಡಿಸಿ, ಮತ್ತೆ ಬಿಚ್ಚಿ ಹೊಲಿದೆ.

ಬೇಸಿಗೆಯ ಭತ್ತ ಕೊಯ್ದಾಗ ನಾವಿಬ್ಬರೂ ಕಂಪ್ಲಿ ಕಡೆ ಹೊರಟೆವು. ನಾನು ಆ ಸ್ಕೂಟರ್ ಏರುವುದಿಲ್ಲ ಎಂದು ಬಸ್ಸಿಗೆ ಹೋದೆ, ಅವರು ಅದರಲ್ಲೇ ಬಂದರು. ಮುಂದಿನ ಪ್ಲಾಸ್ಟಿಕ್ ಹೊಸದು ಹಾಕಿಸಿದ್ದರು, ಮಿಂಚುತ್ತಿತ್ತು. ಈ ಸಲ ಮಿಲ್ಲಿನ ಅಂಗಳ ಸಿಕ್ಕಿತ್ತು. ಸಿಮೆಂಟಿನ ದೊಡ್ಡ ಅಂಗಳ, ಒಂದು ಬದಿಯಲ್ಲಿ ನಮ್ಮವರ ಭತ್ತ ಹರವಿತ್ತು. ಉಳಿದದ್ದು ಬರಿ ನೆಲ. ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಅಕ್ಕ ಕೋಲೂರಿಕೊಂಡು ಬಂದು ಬಗ್ಗಿ ಒಂದು ಹಿಡಿ ಭತ್ತ ತೆಗೆದುಕೊಂಡಳು. ಸೊಸೆ ಓಡಿ ಬಂದು, "ಅತ್ತೀ! ಯಾಕ ಬಂದ್ರಿ? ಹೋಗಿ ನೆಳ್ಳಾಗ ಕುಂದ್ರಿ!" ಎಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಒದರಿದಳು. ಕೆಲಸದ ಹೆಂಗಸರು ತಿರುಗಿ ನೋಡಿದರು.

ಅಕ್ಕ ಕೈಯಲ್ಲಿದ್ದ ಭತ್ತವನ್ನು ರಾಶಿಗೆ ಎಸೆದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಇವತ್ತ ನೋಡೇ ಬಿಡೂನು" ಎಂದಳು. "ನಾ ಇಲ್ಲಿ ಬೆನ್ನು ಮಾಡಿ ನಿಂದ್ರತೀನಿ. ಹಿಂದಿನಿಂದ ಗಾಡಿ ತರ್ರಿ. ಕೇಳಿದ ಕೂಡ್ಲೆ ಕೈ ಎತ್ತತೀನಿ. ಎತ್ತಲಿಲ್ಲಂದ್ರ ನೀವು ಹೇಳಿದಂಗ ಬಾಕಲಾ ಕಾಯಕೊಂಡು ಕುಂದ್ರತೀನಿ, ಮತ್ತ ಒಂದು ಮಾತು ಆಡಂಗಿಲ್ಲ."

ಬೇಡ ಯವ್ವ, ಇದೇನು ಹುಡುಗಾಟ ಎಂದು ಮಗ ಗೊಣಗಿದ. ಅಕ್ಕ ಆಗಲೇ ಕೋಲೂರಿ ಅಂಗಳದ ನಡುವೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಮಗ ಗೇಟಿನ ಆಚೆ ಹೋಗಿ ತನ್ನ ಬೈಕಿಗೆ ಕಿಕ್ ಹೊಡೆದ. ಬೈಕು ಗೇಟಿನೊಳಗೆ ಬರುವ ಮೊದಲೇ ಅಕ್ಕನ ಕೈ ಮೇಲಿತ್ತು. "ಚೈನು ಸಡ್ಲಾಗೇತಿ ನೋಡ್ಕೋ" ಎಂದೂ ಹೇಳಿದಳು. ಹೆಂಗಸರು ಕಿಸಕ್ಕನೆ ನಕ್ಕರು.

"ಈಗ ಅವ್ರನ್ನ ಬರಾಕ ಹೇಳ್ರಿ" ಎಂದಳು. ಅವರು ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ನನ್ನ ಗಂಡ ಅಲ್ಲಾಡಲಿಲ್ಲ. ಇದೆಲ್ಲ ಯಾಕೆ ಎನ್ನುವ ಹಾಗೆ ನನ್ನ ಕಡೆ ನೋಡಿದರು. ಹೋಗ್ರಿ ಎಂದೆ. ಗೇಟಿನ ಆಚೆ ನಿಲ್ಲಿಸಿದ್ದ ಸ್ಕೂಟರ್ ಏರಿದರು. ಬೈಕು ಬಂದಷ್ಟೇ ವೇಗದಲ್ಲಿ ಬನ್ನಿ ಎಂದು ಅಕ್ಕನ ಮಗನೇ ಹೇಳಿದ. ಸ್ಕೂಟರ್ ಹೊರಟಿತು. ಗೇಟು ದಾಟಿತು. ಅಂಗಳದ ಅರ್ಧಕ್ಕೆ ಬಂತು. ಹತ್ತಿರ ಬಂದಂತೆ ಅವರೇ ನಿಧಾನ ಮಾಡಿದರು. ನಾನು ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಕೈ ಕೋಲಿನ ಮೇಲೆಯೇ ಇತ್ತು. ಸ್ಕೂಟರ್ ಅವಳ ಸೆರಗಿನ ಹತ್ತಿರ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಬಂದು ನಿಂತಿತು.

ಅಕ್ಕ ಗೋಡೆಯನ್ನು ನೋಡುತ್ತಲೇ, "ಯಾಕ್ರಿ, ಇನ್ನೂ ಚಾಲೂ ಮಾಡಿಲ್ಲೇನು?" ಎಂದು ಕೇಳಿದಳು.

ಸೊಸೆ ಬಾಯಿಗೆ ಸೆರಗು ಹಿಡಿದಿದ್ದಳು. ಅಷ್ಟು ದಿನ ಒದರಿದವಳು ಈಗ ತೀರ ಸಣ್ಣ ದನಿಯಲ್ಲಿ, ನನಗೇ ಸರಿಯಾಗಿ ಕೇಳದಂತೆ, "ಅತ್ತಿ, ಗಾಡಿ ನಿಮ್ಮ ಬೆನ್ನಿಗೇ ಐತ್ರಿ" ಎಂದಳು.

"ಹೌದಾ" ಎಂದಳು ಅಕ್ಕ. ಆ ಸಣ್ಣ ದನಿ ಅವಳಿಗೆ ಕೇಳಿಸಿತ್ತು. ಅದು ಕೇಳಿಸಿತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಮಗ ಮಾತ್ರ ಇನ್ನೂ ಬಿಡಲಿಲ್ಲ. "ಆದ್ರ ಅವತ್ತು ಹಾರ್ನ್ ಹೊಡದಿದ್ರಲ್ಲ" ಎಂದ.

"ಹೊಡೀರಿ ಈಗ" ಎಂದು ನಾನು ಗಂಡನಿಗೆ ಹೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವತ್ತು ಹೊಡದಂಗ ಹೊಡೀರಿ."

ಅವರು ಗುಂಡಿ ಒತ್ತಿದರು. ಪೀಂ ಎಂದಿತು. ಕೆಲಸದ ಹೆಂಗಸೊಬ್ಬಳು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡಳು. ಅಕ್ಕ ಗಾಬರಿಯಾಗಿ ಸರಕ್ಕನೆ ತಿರುಗಿದಳು. ಏನದು, ಎಲ್ಲಿಂದ ಬಂತು ಎಂದು ಸ್ಕೂಟರಿನ ಸುತ್ತ ಕಣ್ಣಾಡಿಸಿದಳು.

"ಇದೇ ಏನ್ರಿ ಇದರ ಸಪ್ಪಳ?" ಎಂದಳು. "ಇಂಥಾ ಸಪ್ಪಳ ನಾ ಹುಟ್ಟಿದಾಗಿಂದ ಕೇಳಿಲ್ರಿ. ಇವತ್ತ ಕೇಳಿದ್ದು."

ನನ್ನ ಗಂಡ ಗುಂಡಿಯ ಮೇಲಿನ ಬೆರಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ತಲೆ ತಗ್ಗಿಸಿಕೊಂಡೇ, ಎದೆಯೊಳಗೇ ಹೇಳಿಕೊಂಡಂತೆ ಒಂದು ಮಾತು ಹೇಳಿದರು. ಹತ್ತಿರವಿದ್ದುದರಿಂದ ನನಗೆ ಕೇಳಿತು.

"ಅವತ್ತು ಹೊಡಿಲಿಲ್ರಿ ಅಕ್ಕಾರ. ನಾಚಿಕಿ ಆತು."

ಅಕ್ಕ ಕೋಲನ್ನು ಗಟ್ಟಿಯಾಗಿ ಊರಿ, ಮಗನನ್ನು, ಸೊಸೆಯನ್ನು, ಆ ಹೆಂಗಸರನ್ನೆಲ್ಲ ಒಮ್ಮೆ ನೋಡಿದಳು.

"ನನಗ ಕೇಳಿತ್ರಿ" ಎಂದಳು. "ಇವ್ರಿಗೆ ಕೇಳಿಲ್ಲ. ಜೋರಾಗಿ ಹೇಳ್ರಿ."